ಇಡಿಗಂಟಿನ ಖರ್ಚು, ಬಿಡಿಬಿಡಿ ಕಂಪ್ಯೂಟರ್

ಪ್ರಶ್ನೆ: ಸರ್, ಹೊಸ ಗೇಮಿಂಗ್ ಕಂಪ್ಯೂಟರ್‌ಗೆ ಅಂತ ಎರಡು ವರ್ಷದಿಂದ ದುಡ್ಡು ಕೂಡಿಸಿದ್ದೇನೆ. ಈಗ ಹೆಚ್ಚುಕಡಿಮೆ ಮೂರು ತಿಂಗಳ ಸಂಬಳದಷ್ಟಾಗಿದೆ. ಸದ್ಯ ಇರುವುದು 2019ರಲ್ಲಿ ಜೋಡಿಸಿದ್ದು: ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್. ಗೇಮ್‌ಗಳೆಲ್ಲ ಹಾರ್ಡ್‌ಡಿಸ್ಕ್‌ನಲ್ಲಿವೆ. ಹೊಸ ಗೇಮ್‌ಗಳು ತಡವರಿಸುತ್ತವೆ, ಕೆಲವು ತೆರೆಯುವುದೇ ಇಲ್ಲ. ಇನ್ನು ನಾಲ್ಕು ತಿಂಗಳಿಗೆ ನಮಗೆ ಮೊದಲ ಮಗು. ಅದಕ್ಕೂ ಮುಂಚೆ ಸ್ವಲ್ಪ ದೊಡ್ಡ ಬಾಡಿಗೆ ಮನೆಗೆ ಹೋಗಬೇಕು. ಇದಕ್ಕೆಲ್ಲ ಬೇರೆ ಉಳಿತಾಯ ಇದೆ, ಆದರೆ ಎರಡು ತಿಂಗಳ ಮನೆಖರ್ಚಿಗಾಗುವಷ್ಟು ಮಾತ್ರ. ಹೆಂಡತಿ "ತಗೊಳ್ಳಿ, ಎಷ್ಟು ದಿನದ ಆಸೆ" ಅನ್ನುತ್ತಾಳೆ. ಕಂತಿನಲ್ಲಿ ಕೊಂಡರೆ ಕೈಯಲ್ಲಿರುವ ದುಡ್ಡೂ ಉಳಿಯುತ್ತೆ ಅಂತ ಗೆಳೆಯರು ಹೇಳುತ್ತಾರೆ. ವಿಡಿಯೊ ಎಡಿಟಿಂಗ್ ಕಲಿತರೆ ಕಂಪ್ಯೂಟರ್ ತನ್ನ ದುಡ್ಡು ತಾನೇ ದುಡಿಯುತ್ತೆ ಅಂತಲೂ ಅನಿಸುತ್ತದೆ. ಈಗ ಕೊಳ್ಳಲೋ, ಬೇಡವೋ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇಡೀ ಹೊಸ ಕಂಪ್ಯೂಟರ್ ಈಗ ಬೇಡ. ಹಾಗಂತ ಕೂಡಿಸಿದ ದುಡ್ಡನ್ನು ಮುಟ್ಟಲೇಬೇಡಿ ಅಂತಲೂ ನಾನು ಹೇಳುವುದಿಲ್ಲ. ಅದರಲ್ಲಿ ಐದರಲ್ಲೊಂದು ಪಾಲು ಮೀರದ ಹಾಗೆ ಈಗಿರುವ ಕಂಪ್ಯೂಟರ್‌ಗೆ ಹಾಕಿ. ಉಳಿದದ್ದು ಮಗು ಹುಟ್ಟಿ, ಮನೆ ಬದಲಾಗಿ, ತಿಂಗಳ ಖರ್ಚು ಒಂದು ಹದಕ್ಕೆ ಬರುವ ತನಕ ಹಾಗೇ ಇರಲಿ.

ಇಂಥ ಪ್ರಶ್ನೆ ಬಂದರೆ "ಆಟ ಮುಖ್ಯವೋ, ಸಂಸಾರ ಮುಖ್ಯವೋ" ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆ ಗುಂಪಿನವನಲ್ಲ. ಇಪ್ಪತ್ತು ವರ್ಷ ಕಂಪ್ಯೂಟರ್ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ಹೊಟ್ಟೆ ಹೊರೆದವನು. ಗೇಮ್ ಆಡುವವನಿಗೆ ಇನ್ನೂ ಬುದ್ಧಿ ಬಲಿತಿಲ್ಲ ಅನ್ನುವ ಮಾತು ನನಗೆ ಹಿಡಿಸುವುದೇ ಇಲ್ಲ. ದಿನವಿಡೀ ದುಡಿದವನಿಗೆ ರಾತ್ರಿ ಒಂದು ಗಂಟೆ ತನ್ನದು ಅಂತ ಬೇಕು. ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ, ಅದಕ್ಕಾಗಿ ಎರಡು ವರ್ಷ ಕೂಡಿಸಿದ್ದೀರಲ್ಲ, ಅದು ಮೆಚ್ಚಬೇಕಾದ ವಿಷಯ.

ನಾನು ನೋಡುವುದು ಬೇರೆ ಒಂದನ್ನು. ಕೆಲವು ಖರ್ಚುಗಳು ಇಡಿಗಂಟಾಗಿ ಬರುತ್ತವೆ. ಹೆರಿಗೆಯ ಬಿಲ್ಲನ್ನು "ಈ ತಿಂಗಳು ಅರ್ಧ, ಮುಂದಿನ ವರ್ಷ ಅರ್ಧ" ಅನ್ನುವ ಹಾಗಿಲ್ಲ. ಮನೆಯ ಅಡ್ವಾನ್ಸೂ ಅಷ್ಟೇ, ಕೊಟ್ಟರೆ ಪೂರ್ತಿ ಕೊಡಬೇಕು. ಅವಕ್ಕೆ ದಿನಾಂಕವೂ ಇರುತ್ತದೆ, ಆ ದಿನಾಂಕ ನಿಮ್ಮ ಮಾತು ಕೇಳುವುದಿಲ್ಲ. ಕಂಪ್ಯೂಟರ್ ಹಾಗಲ್ಲ ನೋಡಿ. ಅದರಲ್ಲೂ ಮೇಜಿನ ಮೇಲಿನ ಜೋಡಿಸಿದ ಕಂಪ್ಯೂಟರ್ ಅಂದರೆ ಬಿಡಿಬಿಡಿಯಾಗಿ ಕೊಳ್ಳಬಹುದಾದ ವಸ್ತು. ಈ ತಿಂಗಳು ರ‍್ಯಾಮ್, ಆರು ತಿಂಗಳಿಗೆ ಕಾರ್ಡ್, ಮುಂದಿನ ವರ್ಷ ಪ್ರೊಸೆಸರ್. ಬೈಕನ್ನು ಹಾಗೆ ಕೊಳ್ಳಲಾಗದು, ಫ್ರಿಜ್ಜನ್ನೂ ಆಗದು. ಲ್ಯಾಪ್‌ಟಾಪ್ ಕೂಡ ಆಗದು, ಅದರಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಹೀಗಿರುವಾಗ ಬಿಡಿಯಾಗಿ ಕೊಳ್ಳಬಹುದಾದದ್ದಕ್ಕೆ ಇಡಿಗಂಟು ಸುರಿದು, ಇಡಿಗಂಟು ಕೇಳುವ ಖರ್ಚಿನ ಮುಂದೆ ಕೈ ಖಾಲಿ ಮಾಡಿಕೊಂಡು ನಿಲ್ಲೋದು ಯಾಕೆ?

ನಿಮ್ಮ ಲೆಕ್ಕಕ್ಕೆ ಬರೋಣ. ಎರಡು ತಿಂಗಳ ಮನೆಖರ್ಚಿನಷ್ಟು ಉಳಿತಾಯ ಒಂದು ಕಡೆ, ಮೂರು ತಿಂಗಳ ಸಂಬಳದಷ್ಟು "ಕಂಪ್ಯೂಟರ್ ದುಡ್ಡು" ಇನ್ನೊಂದು ಕಡೆ. ನಿಮ್ಮ ಮನಸ್ಸಿನಲ್ಲಿ ಎರಡೂ ಬೇರೆ ಬೇರೆ ಡಬ್ಬಿಗಳು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಅಭ್ಯಾಸವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು, 2017ರಲ್ಲಿ ಅವರಿಗೆ ನೊಬೆಲ್ ಬಂತು. ದುಡ್ಡಿಗೆ ನಾವು ಚೀಟಿ ಅಂಟಿಸುತ್ತೇವೆ, ಆಮೇಲೆ ಒಂದು ಚೀಟಿಯ ದುಡ್ಡನ್ನು ಇನ್ನೊಂದಕ್ಕೆ ಬಳಸಲು ಮನಸ್ಸು ಒಪ್ಪುವುದಿಲ್ಲ. ಚೀಟಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಆ ಚೀಟಿ ಇಲ್ಲದಿದ್ದರೆ ಇಷ್ಟು ದುಡ್ಡು ನಿಮ್ಮ ಕೈಯಲ್ಲಿ ಉಳಿಯುತ್ತಲೇ ಇರಲಿಲ್ಲ. ಆದರೆ ಆಸ್ಪತ್ರೆಯ ಕೌಂಟರ್‌ನಲ್ಲಿ ಚೀಟಿ ಓದುವವರು ಯಾರೂ ಇಲ್ಲ.

ಮನೆ ಬದಲಿಸುವಾಗ ಸಾಮಾನ್ಯವಾಗಿ ಜನ ಅಡ್ವಾನ್ಸ್ ಒಂದನ್ನೇ ಲೆಕ್ಕ ಹಾಕುತ್ತಾರೆ. ಹಳೆ ಮನೆಯ ಅಡ್ವಾನ್ಸ್ ಕೈಗೆ ಬರುವ ಮುಂಚೆ ಹೊಸದಕ್ಕೆ ಕೊಟ್ಟಿರಬೇಕು. ಕೆಲವು ದಿನ ಎರಡೂ ಮನೆಗೆ ಬಾಡಿಗೆ. ಸಾಮಾನು ಸಾಗಿಸೋ ಖರ್ಚು, ಪರದೆ, ಬಲ್ಬು, ಒಡೆದ ನಲ್ಲಿ. ಮಗುವಿನ ವಿಷಯದಲ್ಲಂತೂ ಸಹಜ ಹೆರಿಗೆಯ ಅಂದಾಜು ಒಂದಿರುತ್ತದೆ, ಆಪರೇಷನ್ ಆದರೆ ಇನ್ನೊಂದು, ಮಗುವನ್ನು ನಾಲ್ಕು ದಿನ ಐಸಿಯುನಲ್ಲಿ ಇಡಬೇಕಾಗಿ ಬಂದರೆ ಮತ್ತೊಂದು. ಹೆದರಿಸುತ್ತಿಲ್ಲ, ಬಹಳ ಮಂದಿಗೆ ಎಲ್ಲ ಸುಸೂತ್ರವಾಗಿಯೇ ಆಗುತ್ತದೆ. ಆದರೆ ಅಂದಾಜು ಮಾಡುವಾಗ ಮೂರನೆಯದನ್ನೂ ಕಾಗದದ ಮೇಲೆ ಬರೆಯಬೇಕು. ನಿಮ್ಮ ಹೆಂಡತಿ ಕೆಲಸಕ್ಕೆ ಹೋಗುವವರಾದರೆ ಕೆಲವು ತಿಂಗಳು ಆ ಸಂಬಳ ಪೂರ್ತಿ ಬರುತ್ತದೋ ಇಲ್ಲವೋ ಅದನ್ನೂ ಕೇಳಿಕೊಳ್ಳಿ. ಮೂರರಿಂದ ಆರು ತಿಂಗಳ ಖರ್ಚು ಆಪತ್ತಿಗೆ ಅಂತ ಪಕ್ಕಕ್ಕಿರಬೇಕು ಅನ್ನುವುದು ಹಣಕಾಸು ಬಲ್ಲವರು ಎಲ್ಲ ಕಡೆ ಹೇಳುವ ಮಾತು. ನಿಮ್ಮಲ್ಲಿ ಆಪತ್ತು, ಹೆರಿಗೆ, ಮನೆ ಮೂರಕ್ಕೂ ಸೇರಿ ಎರಡೇ ತಿಂಗಳದ್ದಿದೆ. ಹಾಗಾಗಿ ಕಂಪ್ಯೂಟರ್ ಡಬ್ಬಿಯ ದುಡ್ಡು ಈಗಾಗಲೇ ಆ ಕೆಲಸಕ್ಕೆ ನಿಂತಿದೆ, ಚೀಟಿ ಏನೇ ಇರಲಿ.

ನಾನೂ ಕೈ ಸುಟ್ಟುಕೊಂಡವನೇ. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಸಿಗುವುದೇ ಕಷ್ಟ ಆಗಿತ್ತು. ಚಿಪ್‌ಗಳ ಕೊರತೆ, ಮನೆಯಲ್ಲೇ ಕೂತ ಜನ, ಸಾಲದ್ದಕ್ಕೆ ಈಥೀರಿಯಂ ಅನ್ನುವ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ (ಕಂಪ್ಯೂಟರ್‌ನಿಂದ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು) ಅಂತ ಕಾರ್ಡ್‌ಗಳನ್ನು ರಾಶಿ ರಾಶಿ ಕೊಳ್ಳುವವರು. ನಾನು ನಿಜವಾದ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು ಕೊಟ್ಟು ಒಂದನ್ನು ತಂದೆ. ಕೊಳ್ಳುವ ವೃತ್ತಿಯಲ್ಲೇ ಇದ್ದವನಿಗೆ ಇಷ್ಟು ಗೊತ್ತಿರಬೇಡವಾ? ಗೊತ್ತಿತ್ತು, ಆದರೂ ತಂದೆ. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅದೇ ತಿಂಗಳು, 2022ರ ಸೆಪ್ಟೆಂಬರ್ 15ಕ್ಕೆ, ಈಥೀರಿಯಂ ತನ್ನ ವಿಧಾನವನ್ನೇ ಬದಲಿಸಿತು, ಕಾರ್ಡ್ ಹಾಕಿ ಗಣಿಗಾರಿಕೆ ಮಾಡುವುದು ನಿಂತೇ ಹೋಯಿತು. ಗಣಿಗಾರರೆಲ್ಲ ತಮ್ಮ ಕಾರ್ಡ್‌ಗಳನ್ನು ಮಾರಲು ಕೂತ ಹೊತ್ತಿಗೆ ಸರಿಯಾಗಿ ನಾನೂ ನನ್ನದನ್ನು ಮಾರಲು ಹೊರಟೆ. ಕೊಟ್ಟದ್ದರ ಮೂರರಲ್ಲೊಂದು ಪಾಲು ಸಿಕ್ಕಿತು. ಅಪ್ಪ ಈಗ ಚೆನ್ನಾಗಿದ್ದಾರೆ. ಆ ಕಾರ್ಡಿನ ಮಾತು ಬಂದರೆ ನಾನು ಮಾತು ಬದಲಿಸುತ್ತೇನೆ.

ಈಗ ಕಂಪ್ಯೂಟರ್. ನನಗೆ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನೀವು ಬರೆದ ವಿವರ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಡಲ್ಲ, "ಒಂದೇ ರ‍್ಯಾಮ್" ಅನ್ನುವ ಮಾತು. ನಿಮ್ಮ ಬೋರ್ಡ್ ಎರಡು ದಾರಿಯಲ್ಲಿ ರ‍್ಯಾಮ್ ಜೊತೆ ಮಾತಾಡಬಲ್ಲದು. ಒಂದೇ ಕಡ್ಡಿ ಇದ್ದರೆ ಒಂದು ದಾರಿ ಮುಚ್ಚಿರುತ್ತದೆ, ಅಂದರೆ ಮಾಹಿತಿ ಸಾಗುವ ವೇಗ ಅರ್ಧ. ರೈಜನ್ ಪ್ರೊಸೆಸರ್‌ಗಳಿಗೆ ಇದರ ಪೆಟ್ಟು ಇನ್ನೂ ಜಾಸ್ತಿ ತಾಗುತ್ತದೆ. ಮೇಲಾಗಿ 8 ಜಿಬಿ ಇವತ್ತಿನ ಗೇಮ್‌ಗಳಿಗೆ ಸಾಲದು. ಸಾಲದೆ ಬಂದದ್ದನ್ನು ವಿಂಡೋಸ್ ಡಿಸ್ಕ್‌ಗೆ ತಳ್ಳುತ್ತದೆ. ಆ ಡಿಸ್ಕ್ ತಿರುಗುವ ಹಾರ್ಡ್‌ಡಿಸ್ಕ್ ಆಗಿಬಿಟ್ಟರೆ ಆಟ ನಡುವೆ ನಡುವೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ನೀವು "ತಡವರಿಸುತ್ತದೆ" ಅಂದದ್ದು ಹೆಚ್ಚುಕಡಿಮೆ ಇದೇ ಇರಬೇಕು. ಇದ್ದ ಕಡ್ಡಿಗೆ ಜೋಡಿಯಾಗುವ ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ, ಗೇಮ್‌ಗಳಿಗೆ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಈ ಎರಡರಿಂದ ಆಗುವ ವ್ಯತ್ಯಾಸ ನೋಡಿ ಎಷ್ಟೋ ಜನ ಹೊಸ ಕಂಪ್ಯೂಟರ್ ಯೋಚನೆಯನ್ನೇ ಕೈಬಿಟ್ಟಿದ್ದನ್ನು ಕಂಡಿದ್ದೇನೆ. ಒಂದು ಮಾತು: ಎಸ್‌ಎಸ್‌ಡಿಯಿಂದ ಗೇಮ್ ಬೇಗ ತೆರೆಯುತ್ತದೆ, ತಡವರಿಕೆ ಕಡಿಮೆ ಆಗುತ್ತದೆ. ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳು, ಅಂದರೆ ಫ್ರೇಮ್‌ಗಳು, ಮಾತ್ರ ಅದರಿಂದ ಜಾಸ್ತಿ ಆಗುವುದಿಲ್ಲ. ಆ ನಿರೀಕ್ಷೆ ಇಟ್ಟುಕೊಂಡು ಬೈಯಬೇಡಿ.

ದುಡ್ಡು ಖರ್ಚು ಮಾಡುವ ಮುಂಚೆ ಪುಕ್ಕಟೆ ಕೆಲಸಗಳು ಕೆಲವಿವೆ. ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್) ಹೋಗಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅನ್ನುವ ಆಯ್ಕೆ ಆನ್ ಆಗಿದೆಯಾ ನೋಡಿ. ಇಲ್ಲದಿದ್ದರೆ 3200 ಅಂತ ಬರೆದ ಡಿಡಿಆರ್4 ರ‍್ಯಾಮ್ ಕೂಡ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ಕೇಸ್ ಬಿಚ್ಚಿ ದೂಳು ತೆಗೆಯಿರಿ. ಪ್ರೊಸೆಸರ್ ಮೇಲಿನ ಶಾಖ ಸಾಗಿಸುವ ಪೇಸ್ಟ್ 2019ರದ್ದೇ ಆದರೆ ಬದಲಿಸಿ. ಮಾನಿಟರ್ 144 ಹರ್ಟ್ಸ್‌ನದ್ದಾಗಿದ್ದರೆ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ವಿಂಡೋಸ್ ಸೆಟ್ಟಿಂಗ್‌ನಲ್ಲೂ ಅಷ್ಟೇ ಇದೆಯಾ ಅಂತ ನೋಡಿ. ನಗಬೇಡಿ, ಎರಡು ವರ್ಷ 60ರಲ್ಲೇ ಆಡಿದ ಗಿರಾಕಿಯೊಬ್ಬರು ಹೊಸ ಕಾರ್ಡ್ ಕೊಳ್ಳಲು ಬಂದಿದ್ದರು. ನಾನು ಮೌಸ್ ನಾಲ್ಕು ಸಲ ಒತ್ತಿ ಕಳಿಸಿದೆ, ವ್ಯಾಪಾರ ಹೋಯಿತು.

ಆಮೇಲೆ ಒಂದು ಪರೀಕ್ಷೆ. ನೀವು ಜಾಸ್ತಿ ಆಡುವ ಗೇಮ್‌ನಲ್ಲಿ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ. ಕಾರ್ಡ್ ಬಿಡಿಸಬೇಕಾದ ಚುಕ್ಕಿಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಬರುತ್ತವೆ, ಅರ್ಧಕ್ಕಿಂತ ಕಡಿಮೆ. ಫ್ರೇಮ್‌ಗಳು ಜಿಗಿದರೆ ಅಡ್ಡಿ ಇರುವುದು ಕಾರ್ಡ್‌ನಲ್ಲಿ. ಅಲ್ಲಾಡದೆ ಇದ್ದಲ್ಲೇ ಇದ್ದರೆ ಅಡ್ಡಿ ಪ್ರೊಸೆಸರ್ ಅಥವಾ ರ‍್ಯಾಮ್. ಐದು ನಿಮಿಷದ ಈ ಕೆಲಸ ಮಾಡದೆ ದೊಡ್ಡ ಕಾರ್ಡ್ ತಂದು ಹಳೆ ಪ್ರೊಸೆಸರ್ ಪಕ್ಕ ಕೂರಿಸಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ.

ಇನ್ನು ತೆರೆಯುವುದೇ ಇಲ್ಲ ಅನ್ನುವ ಗೇಮ್‌ಗಳು. ಅದಕ್ಕೆ ರ‍್ಯಾಮ್, ಎಸ್‌ಎಸ್‌ಡಿ ಯಾವುದೂ ಪರಿಹಾರ ಅಲ್ಲ. ಜಿಟಿಎಕ್ಸ್ 1060 ಬಂದದ್ದು 2016ರಲ್ಲಿ. ಅದರಲ್ಲಿ ರೇ ಟ್ರೇಸಿಂಗ್‌ಗೆ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕಿ ಬಿಡಿಸುವ ವಿಧಾನ) ಬೇಕಾದ ಯಂತ್ರಾಂಶ ಇಲ್ಲ, ಅದು ಶುರುವಾದದ್ದು 2018ರ ಆರ್‌ಟಿಎಕ್ಸ್ 20 ಸರಣಿಯಿಂದ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಡೂಮ್ ಗೇಮ್ ಎರಡೂ ಆ ಯಂತ್ರಾಂಶ ಇಲ್ಲದೆ ನಡೆಯುವುದೇ ಇಲ್ಲ. ಇವನ್ನು ಮಾಡುವ ಎನ್‌ವಿಡಿಯಾ ಕಂಪನಿ 2025ರ ಅಕ್ಟೋಬರ್‌ಗೆ ಈ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ (ಕಾರ್ಡನ್ನು ಹೊಸ ಗೇಮ್‌ಗಳಿಗೆ ಹೊಂದಿಸುವ ಸಾಫ್ಟ್‌ವೇರ್) ಕೊಡುವುದನ್ನು ನಿಲ್ಲಿಸಿದೆ. ಭದ್ರತೆಯ ಅಪ್‌ಡೇಟ್ 2028ರ ಅಕ್ಟೋಬರ್ ತನಕ ಬರುತ್ತದೆ. ಹಾಗಾಗಿ ಮುಂದೊಂದು ದಿನ ನಿಮಗೆ ಕಾರ್ಡ್ ಬೇಕೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾರ್ಡ್ ಬೇಕು ಅನ್ನುವುದಕ್ಕೂ ಕಂಪ್ಯೂಟರ್ ಬೇಕು ಅನ್ನುವುದಕ್ಕೂ ತುಂಬಾ ಅಂತರ ಇದೆ.

ನಿಮ್ಮ ಅದೃಷ್ಟ ಏನಂದರೆ ಬಿ450 ಬೋರ್ಡ್. ಅದರಲ್ಲಿರುವುದು ಎಎಂಡಿ ಕಂಪನಿಯ ಎಎಂ4 ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ. ಅಷ್ಟು ದೀರ್ಘಾಯುಷಿ ಸಾಕೆಟ್ ಅಪರೂಪ. 2017ರ ಮೊದಲ ರೈಜನ್ ಕೂತ ಜಾಗದಲ್ಲೇ 5000 ಸರಣಿಯ ಪ್ರೊಸೆಸರ್‌ಗಳೂ ಕೂರುತ್ತವೆ, ಬಯೋಸ್ ಅಪ್‌ಡೇಟ್ ಮಾಡಿದ್ದರೆ ಸಾಕು. ಮುಂದೆ ಯಾವಾಗಲಾದರೂ ರೈಜನ್ 5 5600 ಹಾಕಿಕೊಂಡರೆ ಬೋರ್ಡೂ ಅದೇ, ರ‍್ಯಾಮೂ ಅದೇ. ನೆನಪಿಡಿ, ಹಳೆ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಹೊಸದು ಕೂರಿಸಿ ಆಮೇಲೆ ಅಂದರೆ ಪರದೆ ಕಪ್ಪಗೇ ಉಳಿಯಬಹುದು.

ಕಾರ್ಡ್ ವಿಷಯಕ್ಕೆ, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ನಿಮ್ಮಂಥವರಿಗೆ ಚೆನ್ನಾಗಿ ಹೊಂದುತ್ತದೆ. ಇದು 170 ವ್ಯಾಟ್ ಎಳೆಯುತ್ತದೆ, 1060ಗೆ 120 ಸಾಕಿತ್ತು. ಆದ್ದರಿಂದ ಪವರ್ ಸಪ್ಲೈ ಎಷ್ಟರದ್ದು, ಎಂಥದ್ದು ಅಂತ ನೋಡಿಕೊಳ್ಳಬೇಕು. ಆರ್‌ಟಿಎಕ್ಸ್ 4060 ಆದರೆ 115 ವ್ಯಾಟ್, ಹಳೆಯದಕ್ಕಿಂತಲೂ ಕಡಿಮೆ. ಆದರೆ ಅದರಲ್ಲಿ ಮೆಮೊರಿ 8 ಜಿಬಿ, ಬೋರ್ಡ್ ಜೊತೆ ಮಾತಾಡುವುದು 8 ಲೇನ್‌ಗಳಲ್ಲಿ (ಮಾಹಿತಿ ಸಾಗುವ ದಾರಿ) ಮಾತ್ರ. ನಿಮ್ಮ ಬೋರ್ಡಿನದು ಪಿಸಿಐಇ 3.0, ಅಂದರೆ ಕಾರ್ಡ್ ಕೂರುವ ಸಂಪರ್ಕದ ಹಳೆ ಪೀಳಿಗೆ, ಆದ್ದರಿಂದ ಆ 8 ಜಿಬಿ ತುಂಬಿ ಹರಿದಾಗ ದಾರಿ ಇಕ್ಕಟ್ಟಾಗುತ್ತದೆ. ಇಷ್ಟೆಲ್ಲ ಈಗಲೇ ತಲೆಗೆ ಹಾಕಿಕೊಳ್ಳಬೇಕಾಗಿಲ್ಲ. ಮಗುವಿಗೆ ಆರು ತಿಂಗಳಾದ ಮೇಲೆ ನೋಡಿದರೂ ನಡೆಯುತ್ತದೆ.

ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು ಅಂತ ಗಾಬರಿಯಾಗಿ ಕಂಪ್ಯೂಟರ್ ಬದಲಿಸಿದವರಿದ್ದಾರೆ. ನಿಮಗೆ ಆ ಚಿಂತೆ ಬೇಡ. ರೈಜನ್ 5 2600 ವಿಂಡೋಸ್ 11ರ ಪಟ್ಟಿಯಲ್ಲಿದೆ, ಬಯೋಸ್‌ನಲ್ಲಿ ಎಫ್‌ಟಿಪಿಎಂ ಅನ್ನುವ ಭದ್ರತಾ ಆಯ್ಕೆ ಆನ್ ಮಾಡಿದರೆ ಆಯಿತು.

"ಕಾದರೆ ಬೆಲೆ ಇಳಿಯುತ್ತೆ" ಅಂತ ಮುಂಚೆ ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು, ಮೆಮೊರಿ ಮಾಡುವವರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದೇ ಅದಕ್ಕೆ ಮುಖ್ಯ ಕಾರಣ. ಹಿಂದೆಲ್ಲ ವರ್ಷ ಕಳೆದಂತೆ ಅಗ್ಗವಾಗುತ್ತಿದ್ದ ಗೇಮ್ ಕನ್ಸೋಲ್‌ಗಳೂ ಈಗ ಹಾಗಿಲ್ಲ. 2020ರಲ್ಲಿ ಬಂದ ಪಿಎಸ್5ಗೆ ಹಲವು ದೇಶಗಳಲ್ಲಿ ಆಮೇಲೆ ಬೆಲೆ ಜಾಸ್ತಿ ಮಾಡಿದರು. ಎಎಂ4 ನಂತರದ ಎಎಂ5 ಸಾಕೆಟ್‌ನ ಹೊಸ ಕಂಪ್ಯೂಟರ್ ಅಂದರೆ ಡಿಡಿಆರ್5 ರ‍್ಯಾಮ್ ಹೊಸದಾಗಿ ಕೊಳ್ಳಲೇಬೇಕು, ನಿಮ್ಮಲ್ಲಿರುವ ಡಿಡಿಆರ್4 ಅಲ್ಲಿ ಕೂರುವುದಿಲ್ಲ. ಹಳೆ ಬೋರ್ಡ್ ಉಳಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಒಂದು ವೇಳೆ ಮುಂದಿನ ವರ್ಷ ಕಂಪ್ಯೂಟರ್ ದುಬಾರಿಯಾಯಿತು ಅಂತಲೇ ಇಟ್ಟುಕೊಳ್ಳಿ. ಆಗ ಇನ್ನೂ ನಾಲ್ಕು ತಿಂಗಳು ಕೂಡಿಸುತ್ತೀರಿ, ಅಷ್ಟೇ ತಾನೇ. ಹೆರಿಗೆ ದಿನ ಕೈಯಲ್ಲಿ ದುಡ್ಡಿಲ್ಲ ಅಂದರೆ ಆಗ ಯಾರ ಹತ್ತಿರ ಕೇಳುತ್ತೀರಿ, ಯಾವ ಬಡ್ಡಿಗೆ ತರುತ್ತೀರಿ?

ಕಂತಿನ ಬಗ್ಗೆ ಗೆಳೆಯರು ಹೇಳಿದ್ದಕ್ಕೆ ಎರಡು ಮಾತು. ಬಡ್ಡಿ ಇಲ್ಲದ ಕಂತು ಅಂತಲೇ ಅಂದುಕೊಳ್ಳೋಣ, ನಗದು ಕೊಟ್ಟರೆ ಸಿಗುವ ರಿಯಾಯಿತಿ ತಪ್ಪುವುದನ್ನೂ ಬಿಡೋಣ. ಹನ್ನೆರಡು ಕಂತಿನಲ್ಲಿ ಎಂಟು ಬರುವುದು ಮಗು ಹುಟ್ಟಿದ ಮೇಲೆ. ಯಾವ ತಿಂಗಳುಗಳ ಖರ್ಚು ನಿಮಗೆ ಗೊತ್ತೇ ಇಲ್ಲವೋ ಅವೇ ತಿಂಗಳುಗಳನ್ನು ಒತ್ತೆ ಇಟ್ಟ ಹಾಗೆ. ನಾನಂತೂ ಒಪ್ಪಲಾರೆ.

ವಿಡಿಯೊ ಎಡಿಟಿಂಗ್ ಮಾತು ನಾನು ತುಂಬಾ ಕೇಳಿದ್ದೇನೆ. ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಹತ್ತರಲ್ಲಿ ಏಳು ಜನ "ಕೆಲಸಕ್ಕೂ ಆಗುತ್ತೆ" ಅಂತ ಒಂದು ಸಾಲು ಸೇರಿಸುತ್ತಾರೆ (ಎಣಿಸಿಲ್ಲ, ಅಂಗಡಿಯ ಅನುಭವದ ಮಾತು). ಇವತ್ತು ಯಾರಾದರೂ ನಿಮಗೆ ದುಡ್ಡು ಕೊಟ್ಟು ಎಡಿಟ್ ಮಾಡಿಸುತ್ತಿದ್ದು, ಕಂಪ್ಯೂಟರ್ ನಿಧಾನ ಅಂತ ಕೆಲಸ ಕೈತಪ್ಪುತ್ತಿದ್ದರೆ ಅದು ಬಂಡವಾಳ. ಅಲ್ಲಿಯವರೆಗೆ ಅದು ಆಟದ ಸಾಮಾನೇ, ಹಾಗಂತ ಒಪ್ಪಿಕೊಂಡರೆ ಲೆಕ್ಕ ಸುಲಭ. ಕಲಿಯುವುದಕ್ಕೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಪುಕ್ಕಟೆ ಆವೃತ್ತಿ ಇದೆ. 16 ಜಿಬಿ ರ‍್ಯಾಮ್ ಆದಮೇಲೆ, ದೊಡ್ಡ ವಿಡಿಯೊಗಳಿಗೆ ಹಗುರವಾದ ಪ್ರಾಕ್ಸಿ ಪ್ರತಿ ಮಾಡಿಕೊಂಡು ಎಡಿಟ್ ಮಾಡಿದರೆ ನಿಮ್ಮ ಈಗಿನ ಕಂಪ್ಯೂಟರ್‌ನಲ್ಲೇ ಕಲಿಯಬಹುದು.

ಇನ್ನೊಂದು ಲೆಕ್ಕವನ್ನು ನೀವು ಹೇಳಿಲ್ಲ, ಆದರೆ ಮನಸ್ಸಿನಲ್ಲಿ ಹಾಕಿರುತ್ತೀರಿ. ವಾರಕ್ಕೆ ಹತ್ತು ಗಂಟೆ, ಐದು ವರ್ಷ ಅಂದರೆ 2600 ಗಂಟೆ, ಗಂಟೆಗೆ ಬಿದ್ದದ್ದು ಇಷ್ಟೇ ಅಂತ. ಹತ್ತು ಗಂಟೆ ಸಿಗುತ್ತದೆಯೇ ಅಂತ ಮೊದಲು ನೋಡಿ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ರಾತ್ರಿ ಹಗಲು ಅನ್ನದೆ. ಹಾಲು ಕುಡಿಸುವುದು ನೀವಲ್ಲದಿದ್ದರೂ ಎತ್ತಿಕೊಳ್ಳುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ನಿಮ್ಮದೂ ಪಾಲು ಅಲ್ವಾ. ವಾರಕ್ಕೆ ಮೂರು ಗಂಟೆ ಅಂತ ಹಾಕಿದರೆ 2600 ಹೋಗಿ 780 ಆಗುತ್ತದೆ. ಅದೂ ತುಂಡು ತುಂಡು ಗಂಟೆಗಳು. ಗೆಳೆಯರ ಜೊತೆ ನಲವತ್ತು ನಿಮಿಷದ ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿ ಏಳಲು ಆಗುವುದಿಲ್ಲ, ಮಗು ಕಾಯುವುದೂ ಇಲ್ಲ. ಬೇಕೆಂದಲ್ಲಿ ನಿಲ್ಲಿಸಬಹುದಾದ, ಒಬ್ಬರೇ ಆಡುವ ಗೇಮ್‌ಗಳೇ ಆ ಒಂದು ವರ್ಷ ಕೈ ಹಿಡಿಯುತ್ತವೆ. ಅಂಥವು ಗೇಮ್ ಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಮ್ಮ ಖಾತೆಯಲ್ಲಿ ಕೊಂಡು ಮುಟ್ಟದೇ ಬಿಟ್ಟದ್ದು ಎಷ್ಟಿವೆ ಅಂತ ಸುಮ್ನೆ ಒಮ್ಮೆ ಎಣಿಸಿ. ಕಳೆದ ಎರಡು ವಾರ ಎಷ್ಟು ಗಂಟೆ ಆಡಿದ್ದೀರಿ ಅಂತಲೂ ಅಲ್ಲೇ ತೋರಿಸುತ್ತದೆ.

ಕೊನೆಗೆ ನಿಮ್ಮ ಹೆಂಡತಿಯ ಮಾತು. "ತಗೊಳ್ಳಿ" ಅನ್ನುವುದು ಪ್ರೀತಿಯ ಮಾತು, ಲೆಕ್ಕದ ಮಾತಲ್ಲ. ನೀವು "ತಗೊಳ್ಳಲಾ?" ಅಂತ ಕೇಳಿದ್ದೀರಿ, ಅವರು ಹೂಂ ಅಂದಿದ್ದಾರೆ. ಒಂದು ಹಾಳೆಯಲ್ಲಿ ಮನೆ, ಹೆರಿಗೆ, ಆಪತ್ತು ಮೂರನ್ನೂ ಬರೆದು, ಕೆಳಗೆ ಉಳಿಯುವ ಮೊತ್ತ ತೋರಿಸಿ, "ಇಷ್ಟು ಉಳಿದರೆ ನಿನಗೆ ಧೈರ್ಯ ಇರುತ್ತಾ?" ಅಂತ ಕೇಳಿ ನೋಡಿ. ಉತ್ತರ ಬೇರೆಯೇ ಬರಬಹುದು. ಅದೇ ಬಂದರೂ ಇಬ್ಬರೂ ಗೊತ್ತಿದ್ದು ಮಾಡಿದ ಹಾಗಾಗುತ್ತದೆ. ಅದೇ ಹಾಳೆಯಲ್ಲಿ ಒಂದು ದಿನಾಂಕವನ್ನೂ ಬರೆಯಿರಿ, ಮಗುವಿನ ಮೊದಲ ಹುಟ್ಟುಹಬ್ಬ ಅಂತಿಟ್ಟುಕೊಳ್ಳಿ. ಅವತ್ತು ಆಪತ್ತಿನ ದುಡ್ಡು ತೆಗೆದಿಟ್ಟು ಡಬ್ಬಿಯಲ್ಲಿ ಉಳಿದದ್ದು ನಿಮ್ಮದು. ಆಗ ಯಾರ ಮುಖವನ್ನೂ ನೋಡದೆ ಕೊಳ್ಳಿ.

ಈ ವಾರ ಮಾಡಬೇಕಾದದ್ದು ಇಷ್ಟು. ಬೋರ್ಡಿನ ಪೂರ್ತಿ ಮಾದರಿ ಹೆಸರು, ರ‍್ಯಾಮ್ ಕಡ್ಡಿಯ ಮೇಲಿನ ಚೀಟಿಯ ಫೋಟೊ, ಪವರ್ ಸಪ್ಲೈ ಮೇಲೆ ಬರೆದಿರುವ ವ್ಯಾಟ್ ಮತ್ತು ವರ್ಷ, ಇವು ಮೂರನ್ನೂ ಬರೆದು ಕಳಿಸಿ. ಯಾವ ಕಡ್ಡಿ ಜೋಡಿಯಾಗುತ್ತದೆ, ಬಯೋಸ್‌ನ ಯಾವ ಆವೃತ್ತಿ ಹಾಕಬೇಕು ಅಂತ ನೋಡಿ ಹೇಳುತ್ತೇನೆ. 720ರ ಪರೀಕ್ಷೆಯಲ್ಲಿ ಫ್ರೇಮ್ ಎಷ್ಟು ಬಂತು ಅನ್ನುವುದನ್ನೂ ಅದರಲ್ಲೇ ಬರೆಯಿರಿ.